ಉಮಾಪತಿ ಕಾಕಾರ ಬೇವಿನಮರದ ಆಟ

ಉಮಾಪತಿ ಕಾಕಾರ ಪರಿಚಯ ನನಗಾದದ್ದು ಮೆಟ್ಟಿಲ ಮೇಲೆ. ನಾಗಪುರಕ್ಕೆ ಬಂದು ಆಗ ಇನ್ನೂ ತಿಂಗಳಾಗಿರಲಿಲ್ಲ. ಮಗಳನ್ನು ಸ್ಕೂಲ್ ಬಸ್ಸು ಹತ್ತಿಸಿ ಸೀತಾಬರ್ಡಿ ಪೇಟೆಗೆ ಹೊರಟಿದ್ದೆ. ಬೀಗ ಹಾಕಿ ಇಳಿದವಳಿಗೆ ಗ್ಯಾಸಿನ ನಾಬ್ ತಿರುಗಿಸಿದೆನೋ ಇಲ್ಲವೋ ಅಂತ ಅನುಮಾನ. ಹತ್ತಿ ಹೋಗಿ ನೋಡಿದೆ. ಇಳಿದೆ. ಮತ್ತೆ ಅನುಮಾನ, ಮತ್ತೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಬಾಯಲ್ಲಿ ಏನೋ ಗೊಣಗಿಕೊಳ್ಳುತ್ತಿದ್ದಿರಬೇಕು. ಮೊದಲನೇ ಮಹಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ತೆಳ್ಳನೆಯ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕನ್ನಡದವರೇನವಾ?"

"ಹೌದು, ಮೈಸೂರು ಕಡೆ."

"ಎಷ್ಟನೇ ಸಲ ಇದು ಹತ್ತೂದು?"

"ಮೂರು," ಅಂದೆ, ನಾಚಿಕೆಯಾಯಿತು.

"ನಾಕು. ನಾ ಎಣಸಾಕ ಹತ್ತೀನಿ."

ನಗಬೇಕೋ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಅವರು ಪೇಪರ್ ಮಡಚಿಟ್ಟು ಅಂದರು: "ಅಂಜಿಕಿ ಬರೂದು ಚಲೋನ ಐತಿ. ಆದ್ರ ಅದಕ್ಕೊಂದು ಕೆಲಸ ಹಚ್ಚಬೇಕವಾ. ಸುಮ್ನ ಬಿಟ್ರ ನಿನ್ನ ಕಾಲು ನೋಯಿಸತೈತಿ, ಮತ್ತೇನೂ ಮಾಡಂಗಿಲ್ಲ."

ಅವತ್ತಿನಿಂದ ಅವರು ನನಗೆ ಕಾಕಾ, ಅವರ ಹೆಂಡತಿ ರಮಾ ಕಾಕು. ಮೈಸೂರಿನ ನಾಲಿಗೆಗೆ ಈ ಕಾಕಾ ಕಾಕು ಮೊದಮೊದಲು ಹೊಂದುತ್ತಿರಲಿಲ್ಲ. ಆಮೇಲೆ ಬೇರೇನೂ ಹೊಂದದಂತಾಯಿತು.

ಕಾಕಾ ಗದಗಿನವರು. ಅರವತ್ತೊಂಬತ್ತನೇ ಇಸವಿಯಲ್ಲಿ ಟೈಪಿಸ್ಟ್ ಆಗಿ ನಾಗಪುರಕ್ಕೆ ಬಂದರು. ಪಟಾಕಿ, ಪೆಟ್ರೋಲು, ಗ್ಯಾಸು ಇಂಥವಕ್ಕೆಲ್ಲ ಲೈಸೆನ್ಸು ಕೊಡುವ ಕೇಂದ್ರ ಸರ್ಕಾರದ ಕಚೇರಿ ಅದು. ದೇಶದ ಯಾವ ಮೂಲೆಯಲ್ಲಿ ಸಿಲಿಂಡರ್ ಹೊತ್ತಿಕೊಂಡರೂ, ಎಲ್ಲೋ ಒಂದು ಪಟಾಕಿ ಗೋದಾಮು ಹಾರಿಹೋದರೂ ಅದರ ವರದಿ ಇವರ ಮೇಜಿಗೆ ಬರುತ್ತಿತ್ತು. ನಡುವೆ ಎರಡು ಕಾರ್ಬನ್ ಇಟ್ಟು ಮೂರು ಪ್ರತಿ ಟೈಪು ಮಾಡುವುದು ಇವರ ಕೆಲಸ. ದಿನಾಂಕ, ಸಮಯ, ಸ್ಥಳ, ಹಾನಿ, ಕಾರಣ, ಶಿಫಾರಸು. ಮೂವತ್ತೊಂದು ವರ್ಷ ಇದೇ ಆರು ಕಾಲಮ್ಮು.

"ಕಾರಣ ಅನ್ನೂ ಕಾಲಮ್ಮಿನ್ಯಾಗ ಏನಿರತಿತ್ತು ಗೊತ್ತೇನು?" ಅಂತ ಒಮ್ಮೆ ಕೇಳಿದ್ದರು. "ದೊಡ್ಡದೇನೂ ಇರತಿರಲಿಲ್ಲ. ವಾಸನಿ ಬಂದಿತ್ತು, ಲೈಟು ಹಚ್ಚಿದರು. ವಾಸನಿ ಬಂದಿತ್ತು, ಫ್ಯಾನು ಹಚ್ಚಿದರು. ಅಷ್ಟ. ನಾ ಓದೂದು ಯಾವಾಗ್ಲೂ ಎಲ್ಲಾ ಆದ ಮ್ಯಾಲೆ. ಆಗೂಕಿಂತ ಮೊದಲು ಯಾರರೆ ಓದುವಂಥಾದ್ದು ಒಂದರೆ ಟೈಪು ಮಾಡಬೇಕು ಅಂತ ಭಾಳ ಇತ್ತು."

ನಿವೃತ್ತರಾದ ಮೇಲೆ ಮಾಡಿದರು. ಅರವತ್ತರ ವಯಸ್ಸಿನಲ್ಲಿ ಲೂನಾ ಏರಿ, ಬಿಸಿಲಿಗೆ ತಲೆಗೆ ಪಂಚೆ ಸುತ್ತಿ, ಲೂ ಅನ್ನುವ ಇಲ್ಲಿಯ ಬೆಂಕಿಯಂಥ ಗಾಳಿ ಬಡಿಯದಿರಲೆಂದು ಜೇಬಿನಲ್ಲೊಂದು ಈರುಳ್ಳಿ ಇಟ್ಟುಕೊಂಡು ಮಹಾಲ್ ಪೇಟೆಯ ಗಲ್ಲಿಯೊಂದರಲ್ಲಿದ್ದ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದರು. ಕ್ಲಾಸಿನ ತುಂಬ ಹದಿನೆಂಟರ ಹುಡುಗಿಯರು. ಟೈಪಿಂಗಿನಲ್ಲಿ ಅವರನ್ನೆಲ್ಲ ಇವರು ಮೀರಿಸುತ್ತಿದ್ದರಂತೆ, ಮೌಸು ಹಿಡಿಯುವುದರಲ್ಲಿ ಮಾತ್ರ ಅವರು ಇವರ ಕೈ ಹಿಡಿದು ತಿದ್ದಬೇಕಾಗುತ್ತಿತ್ತು. ನಮ್ಮ ಸೊಸೈಟಿಯ ಆಫೀಸು ಕೋಣೆಯಲ್ಲಿ ಯಾವುದೋ ಬ್ಯಾಂಕಿನವರು ತೆಗೆದುಹಾಕಿದ ಹಳೇ ಕಂಪ್ಯೂಟರು ಧೂಳು ತಿನ್ನುತ್ತಿತ್ತು. ಅದರಲ್ಲಿ, ಪವರ್‌ಪಾಯಿಂಟಿನಲ್ಲಿ, ಎಂಟು ತಿಂಗಳು ಕೂತು ಕಾಕಾ ಒಂದು ಆಟ ಕಟ್ಟಿದರು.

ಆಟದಲ್ಲಿ ನಮ್ಮ ಬಿಲ್ಡಿಂಗೇ ಇದೆ. ಹನ್ನೆರಡು ಮನೆ, ಹನ್ನೆರಡು ಬಾಗಿಲು, ಮೆಟ್ಟಿಲ ಕೆಳಗಿನ ಮೀಟರ್ ಕೋಣೆ, ಗೇಟಿನ ಹತ್ತಿರದ ಬೇವಿನಮರ. ಯಾವುದೋ ಮನೆಯಲ್ಲಿ ಏನೋ ಆಗಿರುತ್ತದೆ. ಕೂಲರು ಶಾಕ್ ಹೊಡೆಯುತ್ತಿದೆ, ಅಜ್ಜನಿಗೆ ಲೂ ಬಡಿದಿದೆ, ಹಿಂದಿನ ನಾಲಾ ಉಕ್ಕಿ ನೆಲಮಹಡಿಗೆ ನೀರು ಬಂದಿದೆ, ಗ್ಯಾಸು ಸೋರುತ್ತಿದೆ. ಮುಂದೇನು ಮಾಡುತ್ತೀ ಅಂತ ಮೂರು ಚೌಕ ಬರುತ್ತವೆ. ಸರಿಯಾದದ್ದನ್ನು ಒತ್ತಿದರೆ ಮುಂದಿನ ಚಿತ್ರ, ತಪ್ಪು ಒತ್ತಿದರೆ ರಮಾ ಕಾಕುವಿನ ದನಿಯಲ್ಲಿ "ಅಯ್ಯ ಶಿವನ!" ಅಂತ ಒಂದು ಕೂಗು. ಆ ಕೂಗು ಕೇಳಬೇಕೆಂದೇ ಮಕ್ಕಳು ಬೇಕಂತ ತಪ್ಪು ಒತ್ತುತ್ತಿದ್ದರು. ಎಲ್ಲರನ್ನೂ ಬೇವಿನಮರದ ಕೆಳಗೆ ತಂದು ನಿಲ್ಲಿಸಿ ತಲೆ ಎಣಿಸಿದರೆ ಆಟ ಮುಗಿಯಿತು. ಶನಿವಾರ ಭಾನುವಾರ ನಾಲ್ಕರಿಂದ ಆರು ಆ ಕೋಣೆಯಲ್ಲಿ ಜಾತ್ರೆ. ವಾಚ್‌ಮನ್ ಶಾಮರಾವ್‌ಗೆ ಓದಲು ಬಾರದು. ಮಕ್ಕಳೇ ಓದಿ ಹೇಳಿ ಅವನಿಂದಲೂ ಆಡಿಸುತ್ತಿದ್ದರು. ಆಟ ಹಿಂದಿಯಲ್ಲಿತ್ತು. ಕನ್ನಡದ್ದೂ ಒಂದನ್ನು ಕಾಕಾ ಮಾಡಿಟ್ಟಿದ್ದರು, ತಮ್ಮ ಸಮಾಧಾನಕ್ಕೆ. ಅದನ್ನು ಆಡಿದವಳು ನಾನೊಬ್ಬಳೇ. ನನ್ನ ಮಗಳು ಗೌತಮಿಗೆ ಎಂಟು ವರ್ಷ, ಕನ್ನಡ ಅಕ್ಷರ ಬಾರದು. ಅದೊಂದು ಚಿಂತೆ ಬೇರೆ, ಇಲ್ಲಿ ಬೇಡ.

ಇನ್ನು ಎರಡು ಸಾವಿರದ ಮೂರನೇ ಇಸವಿಯ ಮೇ ತಿಂಗಳ ಕಥೆ ಹೇಳಬೇಕು. ನವತಪಾ ನಡೆಯುತ್ತಿತ್ತು. ಮೇ ಕೊನೆಯ ವಾರದಿಂದ ಒಂಬತ್ತು ದಿನಗಳಿಗೆ ಇಲ್ಲಿ ಆ ಹೆಸರು. ಆ ಒಂಬತ್ತು ದಿನ ಮಧ್ಯಾಹ್ನ ನಾಗಪುರದಲ್ಲಿ ಕಾಗೆಯೂ ಹಾರುವುದಿಲ್ಲ. ನಲವತ್ತಾರು ಡಿಗ್ರಿ. ಹನ್ನೆರಡೂ ಮನೆಯ ಬಾಗಿಲು ಮುಚ್ಚಿ, ಹನ್ನೆರಡೂ ಕೂಲರು ಗುರ್ರೆನ್ನುತ್ತಿದ್ದವು. ನಾನು ಮಲಗಿದ್ದೆ. ಗೌತಮಿ ಪಕ್ಕದಲ್ಲಿ ಮಲಗಿದ್ದಾಳೆಂದು ತಿಳಿದಿದ್ದೆ. ಅವಳು ಎದ್ದು, ಇನ್ನಿಬ್ಬರು ಮಕ್ಕಳ ಜೊತೆ ಮೆಟ್ಟಿಲ ಮೇಲೆ ಕೂತು ಆಡುತ್ತಿದ್ದದ್ದು ನನಗೆ ಗೊತ್ತೇ ಇಲ್ಲ. ತಾಯಿಯ ಜಾಗರೂಕತೆ ಅಂದರೆ ಇಷ್ಟು!

ಕೂಲರು ತಟ್ಟನೆ ನಿಂತಿತು. ಶಾಮರಾವ್‌ನ ಸೀಟಿ ಕೇಳಿಸಿತು. ಆಮೇಲೆ ಎಲ್ಲರೂ ಹೊರಗೆ ಬನ್ನಿ, ಬೆಲ್ ಒತ್ತಬೇಡಿ, ಸ್ವಿಚ್ ಮುಟ್ಟಬೇಡಿ ಅಂತ ಮಕ್ಕಳ ಕೂಗು: "ಗ್ಯಾಸ್ ಲೀಕ್! ಸಬ್ ಬಾಹರ್! ಬೆಲ್ ಮತ್ ಬಜಾನಾ! ಸ್ವಿಚ್ ಮತ್ ಛೂನಾ!"

ನಾನು ಹೇಗೆ ಇಳಿದೆನೋ ದೇವರಿಗೇ ಗೊತ್ತು. ಚಪ್ಪಲಿ ಇಲ್ಲ, ನೆಲ ಕಾವಲಿಯ ಹಾಗೆ ಕಾದಿತ್ತು. ಬೇವಿನಮರದ ಕೆಳಗೆ ಒಬ್ಬೊಬ್ಬರೇ ಸೇರಿದರು. ಮೂರನೇ ಮಹಡಿಯ ದೇಚಮ್ಮ, ಏರ್‌ಫೋರ್ಸಿನವರ ಹೆಂಡತಿ, ತಲೆಗೆ ಮೆಹೆಂದಿ ಮೆತ್ತಿಕೊಂಡೇ ಬಂದಿದ್ದರು. ನೆಲಮಹಡಿಯ ಮಲ್ಲೇಶಪ್ಪನವರು, ಅವರೂ ಏರ್‌ಫೋರ್ಸಿನಿಂದ ನಿವೃತ್ತರಾದವರೇ, ಬನಿಯನ್ ಪಟಾಪಟಿ ಚಡ್ಡಿಯಲ್ಲಿ ಬಂದರು. ಅವರ ಬೆರಳು ಹಿಡಿದು ಎಳೆದುಕೊಂಡು ಬಂದವಳು ನನ್ನ ಮಗಳು. ಸೊಸೈಟಿಯ ಸೆಕ್ರೆಟರಿ ವೈರಾಗಡೆ ಸಾಹೇಬರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಇಳಿದಿದ್ದರು. ಗೌತಮಿ ಎಲ್ಲರ ತಲೆ ಎಣಿಸಿ ಅಂದಳು, "ರಮಾ ಅಜ್ಜಿ ನಹೀ ಹೈ! ಉನ್ಹೀಕೇ ಘರ್ ಮೇ ಹೈ ಗ್ಯಾಸ್!" ಗ್ಯಾಸು ಸೋರುತ್ತಿರುವುದೇ ಅವರ ಮನೆಯಲ್ಲಂತೆ.

ಅಷ್ಟರಲ್ಲಿ ರಮಾ ಕಾಕು ಸಾವಕಾಶವಾಗಿ ಇಳಿದು ಬಂದರು, ಕೈಯಲ್ಲಿ ಕುಟ್ಟಾಣಿ. "ಏನಾಗೇತ್ರೋ? ಕೂಲರ್ ಯಾಕ ಬಂದ್ ಆತು?" ಅವರು ಹತ್ತಿರ ಬಂದ ಹಾಗೆ ನಮಗೆಲ್ಲ ವಾಸನೆ ಬಂತು. ಇತವಾರಿ ಪೇಟೆಯಿಂದ ತಂದ ಹಸಿ ಇಂಗು. ಮಾವಿನಕಾಯಿ ಉಪ್ಪಿನಕಾಯಿಗೆಂದು ಕುಟ್ಟುತ್ತಿದ್ದರು. ಮಕ್ಕಳು ಬಾಗಿಲು ಬಡಿದದ್ದು ಕೂಲರಿನ ಸದ್ದಿನಲ್ಲಿ, ಕುಟ್ಟುವ ಸದ್ದಿನಲ್ಲಿ ಕೇಳಿಸಿರಲಿಲ್ಲ.

"ಇಂಗನ್ನು ಗ್ಯಾಸು ಅಂದುಕೊಂಡೆಯಾ?" ನಾನು ಗೌತಮಿಯ ತೋಳು ಹಿಡಿದು ಅಲ್ಲಾಡಿಸಿದೆ.

"ಗೇಮ್‌ನಲ್ಲಿ ಹಾಗೇ ಇದೆ ಅಮ್ಮಾ! 'ಹೀಂಗ್ ಜೈಸೀ ತೇಜ್ ಬೂ ಆಯೇ ತೋ' ಅಂತ ಬರೆದಿದೆ. ಹೋಗಿ ನೋಡು!"

ನಿಜವಾಗಿಯೂ ಹಾಗೇ ಬರೆದಿತ್ತು, ಇಂಗಿನಂಥ ಘಾಟು ವಾಸನೆ ಬಂದರೆ ಅಂತ.

ಅಷ್ಟಕ್ಕೇ ಮುಗಿದಿದ್ದರೆ ನಗುತ್ತ ಒಳಗೆ ಹೋಗುತ್ತಿದ್ದೆವು. ಮಕ್ಕಳು ಹೇಳಿದ ಕೂಡಲೇ ಶಾಮರಾವ್ ಮೀಟರ್ ಕೋಣೆಯ ದೊಡ್ಡ ಹಿಡಿಕೆ ಎಳೆದು ಇಡೀ ಬಿಲ್ಡಿಂಗಿನ ಕರೆಂಟು ತೆಗೆದಿದ್ದ, ಆಟದಲ್ಲಿ ಇದ್ದ ಹಾಗೆ. ಈಗ ವೈರಾಗಡೆ ಸಾಹೇಬರು ಅದನ್ನು ಮತ್ತೆ ಹಾಕಿಸಿದರು. ಹನ್ನೆರಡು ಕೂಲರು ಒಂದೇ ಸಲ ಶುರುವಾದವು, ಮುಖ್ಯ ಫ್ಯೂಸು ಢಬ್ ಅಂತ ಹೋಯಿತು. ಲೈನ್‌ಮನ್ ಬಂದದ್ದು ಆರೂವರೆಗೆ. ನವತಪಾದಲ್ಲಿ ಮೂರೂವರೆ ತಾಸು ಕೂಲರಿಲ್ಲ! ಮಲ್ಲೇಶಪ್ಪನವರಿಗೆ ತಲೆ ಸುತ್ತಿ ಬಂತು. ಒದ್ದೆ ಟವೆಲು ಹೊದಿಸಿ, ಇಲ್ಲಿಯವರು ಪನ್ಹೆ ಅನ್ನುವ ಮಾವಿನಕಾಯಿ ಪಾನಕ ಕುಡಿಸಿ, ಬೀಸಣಿಗೆಯಿಂದ ಗಾಳಿ ಹಾಕುತ್ತ ಕೂತೆವು.

ಸೀತಾಬರ್ಡಿಯಿಂದ ಹೊಸ ಮೌಸು ಕೊಂಡು ಲೂನಾದಲ್ಲಿ ಬಂದ ಕಾಕಾ ಗೇಟಿನೊಳಗೆ ಕಾಲಿಟ್ಟಾಗ ಎಲ್ಲರೂ ಇನ್ನೂ ಬೇವಿನ ಕೆಳಗೇ ಇದ್ದೆವು. ಒಂದು ಕ್ಷಣ ಅವರ ಮುಖ ಅರಳಿತು. ಸೊಸೈಟಿಗೆ ಸೊಸೈಟಿಯೇ ಮರದ ಕೆಳಗೆ! ಆಮೇಲೆ ವೈರಾಗಡೆ ಸಾಹೇಬರು ಬಾಯಿ ತೆರೆದರು.

"ಉಮಾಪತಿಜೀ, ತುಮ್ಚಾ ಗೇಮ್ ಬಂದ್. ಆಜ್‌ಪಾಸೂನ್ ಬಂದ್. ಇವತ್ತಿನಿಂದಲೇ ಆ ಕೋಣೆಗೆ ಬೀಗ ಹಾಕ್ತೇನೆ. ಭಾನುವಾರ ಮೀಟಿಂಗು."

ಎರಡು ದಿನ ಕಾಕಾ ಬಾಗಿಲಲ್ಲಿ ಕುರ್ಚಿ ಹಾಕಲಿಲ್ಲ. ಮೂರನೇ ದಿನ ನಾನೇ ಗೌತಮಿಯನ್ನು ಕರೆದುಕೊಂಡು ಹೋದೆ. "ಸಾರಿ ಹೇಳು ಅಜ್ಜನಿಗೆ."

"ಸಾರಿ ಅಕಿ ಯಾಕ ಹೇಳ್ಬೇಕು? ಅಕಿ ಬರೋಬರ್ ಮಾಡ್ಯಾಳ," ಅಂದರು ಕಾಕಾ. "ಬೆಲ್ ಒತ್ತಲಿಲ್ಲ, ಲೈಟು ಮುಟ್ಟಲಿಲ್ಲ, ತಾನ ಹಿಡಿಕಿ ಎಳೀಲಿಲ್ಲ, ದೊಡ್ಡವರಿಗೆ ಹೇಳಿದ್ಲು. ಎಲ್ಲಾ ಬರೋಬರ್. ತಪ್ಪು ಬರದಾವ ನಾನು." ಆಮೇಲೆ ಅವಳ ಕಡೆ ತಿರುಗಿದರು. "ಏನ್ ಪುಟ್ಟಿ, ಮತ್ತೊಮ್ಮೆ ವಾಸನಿ ಬಂದ್ರ ಏನ್ ಮಾಡ್ತಿ?"

ಗೌತಮಿ ಕಾಲ ಬೆರಳಿಂದ ನೆಲ ಕೆರೆದಳು. "ಕುಛ್ ನಹೀ ಬೋಲೂಂಗೀ. ಏನೂ ಹೇಳಲ್ಲ. ಎಲ್ಲರೂ ನನ್ನನ್ನ 'ಹೀಂಗ್‌ವಾಲೀ' ಅಂತಾರೆ."

ಕಾಕಾರ ಮುಖ ಬಿಳಚಿಕೊಂಡಿತು. ನನಗೂ ಆಗಲೇ ಹೊಳೆದದ್ದು. ಅವಳು ಸುಮ್ಮನಿದ್ದುಬಿಡುತ್ತಾಳೆ. ನಾಳೆ ನಿಜಕ್ಕೂ ಸೋರಿದರೂ, ಇಂಗಿರಬೇಕು ಅಂತ ಸುಮ್ಮನೆ ಮೆಟ್ಟಿಲು ಹತ್ತಿಬಿಡುತ್ತಾಳೆ.

"ನೋಡಿದ್ಯಾ ಚಾರೂ," ಅಂದರು ಕಾಕಾ ನನ್ನ ಕಡೆ ತಿರುಗಿ ಮೆಲ್ಲಗೆ. "ಆಟ ಇಲ್ಲದಿದ್ರ ಅಕಿ ಏನೂ ಕಲೀತಿರಲಿಲ್ಲ, ಅಷ್ಟ. ಈಗ ತಪ್ಪು ಕಲ್ತಾಳ. ವೈರಾಗಡೆ ಬಂದ್ ಮಾಡೂದೇನು, ನಾನ ಅಳಿಸಿ ಬಿಡತೀನಿ."

"ಬೇಡಿ ಕಾಕಾ, ಮೀಟಿಂಗ್ ಆಗಲಿ," ಅಂದೆ. ಅಂದದ್ದೇನೋ ಅಂದೆ, ಮೀಟಿಂಗಿನಲ್ಲಿ ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ.

ಭಾನುವಾರ ಸಂಜೆ ಟೆರೇಸಿಗೆ ನೀರು ಸುರಿದು, ಚಾಪೆ ಹಾಸಿ ಸೇರಿದೆವು. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಮೂರು ಹಾಳೆ ಹಿಡಿದುಕೊಂಡು ಬಂದರು. ಒಂದು ಟೈಪು ಮಾಡಿದ್ದು, ಎರಡು ಕಾರ್ಬನ್ ಪ್ರತಿ. ನಿಂತು ಓದಿದರು, ಆಫೀಸಿನಲ್ಲಿ ಓದುವ ಹಾಗೆಯೇ.

"ದಿನಾಂಕ ಇಪ್ಪತ್ತೆಂಟು ಮೇ. ಸಮಯ ಮಧ್ಯಾಹ್ನ ಮೂರು ಗಂಟೆ. ಸ್ಥಳ ಈ ಸೊಸೈಟಿ. ಹಾನಿ: ಒಂದು ಫ್ಯೂಸು, ಹನ್ನೆರಡು ಕುಟುಂಬದ ನಿದ್ದೆ, ಶ್ರೀ ಮಲ್ಲೇಶಪ್ಪನವರ ಆರೋಗ್ಯ. ಕಾರಣ: ಆಟ ತಯಾರಿಸಿದ ವ್ಯಕ್ತಿ ಗ್ಯಾಸಿನ ವಾಸನೆಯನ್ನು ಇಂಗಿಗೆ ಹೋಲಿಸಿದ್ದು. ಮಕ್ಕಳ ತಪ್ಪಿಲ್ಲ. ವಾಚ್‌ಮನ್‌ನ ತಪ್ಪಿಲ್ಲ."

ಅಲ್ಲಿಗೆ ನಿಲ್ಲಿಸಿ ಕೂತರು.

"ಔರ್ ಶಿಫಾರಸು?" ವೈರಾಗಡೆ ಸಾಹೇಬರು ಹಾಳೆ ತೆಗೆದುಕೊಂಡು ನೋಡಿದರು. "ಈ ಕಾಲಮ್ಮು ಖಾಲಿ ಇದೆಯಲ್ಲ."

"ಅದನ್ನ ಟೈಪಿಸ್ಟ್ ಬರೆಯೋ ಹಂಗಿಲ್ಲ ಸಾಹೇಬ್ರ. ಅದು ಸಾಹೇಬ್ರ ಕಾಲಮ್ಮು. ಮೂವತ್ತೊಂದು ವರ್ಷ ನಾ ಅದನ್ನ ಖಾಲೀನ ಬಿಟ್ಟೀನಿ."

ದೇಚಮ್ಮನೇ ಮೊದಲು ಕೇಳಿದ್ದು: "ಅಲ್ಲ ಅಂಕಲ್, ಗ್ಯಾಸು ಕೊಳೆತ ಮೊಟ್ಟೆಯ ಹಾಗೆ ನಾರುತ್ತೆ ಅಂತ ಲೋಕವೆಲ್ಲ ಹೇಳುತ್ತೆ. ನೀವ್ಯಾಕೆ ಇಂಗು ಅಂದ್ರಿ?"

ಕಾಕಾ ಕಾಕುವಿನ ಕಡೆ ನೋಡಿದರು. ಕಾಕು ಆಕಾಶ ನೋಡಿದರು.

"ನಮ್ಮ ವರದಿಯೊಳಗೂ ಹಂಗ ಇರತಿತ್ತವಾ. ಆದ್ರ ನಾ ಹುಟ್ಟಿದಾಗಿಂದ ಒಂದು ತತ್ತಿ ಮೂಸಿಲ್ಲ, ಕೊಳತದ್ದಂತೂ ದೂರ ಉಳೀತು. ನನಗ ಗೊತ್ತಿಲ್ಲದ್ದನ್ನ ಹುಡುಗರಿಗೆ ಹೆಂಗ ಬರೀಲಿ? ಮ್ಯಾಲೆ ಈಕಿ ಬ್ಯಾರೆ..."

"ನಾನೇನ್ ಅಂದೆ?" ಕಾಕು ಸಿಡುಕಿದರು. "ಅದರೊಳಗ ನನ್ನ ದನಿ ಐತಿ. ನನ್ನ ದನಿ ಇರೂ ಡಬ್ಬಿಯೊಳಗ ತತ್ತಿ ಬ್ಯಾಡ ಅಂದೆ. ತಪ್ಪೇನು?"

ದೇಚಮ್ಮನಿಗೆ ನಗು ತಡೆಯಲಾಗಲಿಲ್ಲ. "ನನ್ನ ಕೇಳಿದ್ರೆ ಒಂದು ಮೊಟ್ಟೆ ವಾರ ಬಿಸಿಲಲ್ಲಿಟ್ಟು ಕೊಳೆಸಿ ಕೊಡ್ತಿದ್ದೆ ಆಂಟಿ! ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಮೂಸಿಸಬಹುದಿತ್ತು."

"ಅಯ್ಯ ಶಿವನ!" ಅಂದರು ಕಾಕು. ಅಷ್ಟೇ ಸಾಕಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ವೈರಾಗಡೆ ಸಾಹೇಬರ ಮೀಸೆ ಕೂಡ ಅಲ್ಲಾಡಿತು. ಆದರೂ ಅವರು ಬಿಡಲಿಲ್ಲ. "ನಗೋದು ಆಯ್ತು. ಮಲ್ಲೇಶಪ್ಪನವರಿಗೆ ಏನಾದರೂ ಆಗಿದ್ದರೆ? ಮಕ್ಕಳ ಕೈಯಲ್ಲಿ ಬಿಲ್ಡಿಂಗ್ ಕೊಡೋಕಾಗುತ್ತಾ? ಬಂದ್ ಅಂದರೆ ಬಂದ್."

ನಾನು ಎದ್ದು ನಿಂತಿದ್ದೆ. ಯಾವಾಗ ನಿಂತೆನೋ ಗೊತ್ತಿಲ್ಲ, ಹಿಂದಿಯೆಲ್ಲ ಮರೆತು ಹೋಯಿತು. ಕನ್ನಡ, ಹಿಂದಿ ಕಲಸಿ ಹೇಳಿದೆ. "ಸಾಹೇಬ್ರೇ, ನಾಳೆ ನಿಜವಾಗಲೂ ಗ್ಯಾಸು ವಾಸನೆ ಬಂದರೆ ನನ್ನ ಮಗಳು ಹೇಳಬೇಕೋ ಬೇಡವೋ? ಹೇಳಲ್ಲ ಅಂತಿದ್ದಾಳೆ. ಅದನ್ನು ಮೊದಲು ಬರೀರಿ ಆ ಕಾಲಮ್ಮಲ್ಲಿ."

ಗೌತಮಿ ನನ್ನ ಸೆರಗಿನ ಹಿಂದೆ ಅಡಗಿದಳು.

ಮಲ್ಲೇಶಪ್ಪನವರು ಗಂಟಲು ಸರಿಮಾಡಿಕೊಂಡರು. ಎಲ್ಲರೂ ಅವರ ಕಡೆ ತಿರುಗಿದರು. ಹೆಚ್ಚು ನೊಂದವರು ಅವರೇ ತಾನೇ. "ನೋಡ್ರಿ, ಮೂವತ್ತು ವರ್ಷ ನಾನು ಸೈರನ್ನಿಗೆ ಓಡಿದವನು. ಇಲ್ಲಿ ಮನೆ ಮಾಡಿ ಒಂಬತ್ತು ವರ್ಷ ಆಯ್ತು. ಆವತ್ತು ಬಿಸಿಲಿಗೆ ಕಿಟಕಿಯೆಲ್ಲ ಮುಚ್ಚಿದ್ದೆ, ಕರೆಂಟು ಹೋದಾಗ ಆ ಕತ್ತಲೇಲಿ ಬಾಗಿಲು ಯಾವ ಕಡೆ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ಈ ಪೋರಿ ಬಂದು ಬೆರಳು ಹಿಡ್ಕೊಂಡು, 'ಅಂಕಲ್, ಮೇರೇ ಪೀಛೇ ಚಲೋ' ಅಂದ್ಲು. ಅವಳ ಹಿಂದೆ ನಡೆದೆ. ಮುಂದೆ ಯಾವಾಗಾದ್ರೂ ಅವಳು ಬರದೇ ಇದ್ರೆ ನಾನು ಯಾರನ್ನ ಕೇಳಲಿ? ಬಂದ್ ಮಾಡೋರು ಮಾಡಿ. ನಾನಂತೂ ಮೊದಲು ಆಡಿ ಕಲಿತೀನಿ, ಆಮೇಲೆ ಮಾಡಿ."

"ಆಪ್? ಗೇಮ್?" ಅಂದರು ವೈರಾಗಡೆ.

"ಯಾಕೆ, ನಿಮಗೆ ಮೀಟರ್ ಕೋಣೆಯ ಹಿಡಿಕೆ ಯಾವ ಕಡೆ ಎಳೀಬೇಕು ಗೊತ್ತಾ? ಹೇಳಿ ನೋಡೋಣ."

ಸೆಕ್ರೆಟರಿ ಸಾಹೇಬರು ಬಾಯಿ ತೆರೆದರು. ಕೆಳಗೆ, ಅಂದರು. ಬಾಗಿಲ ಹತ್ತಿರ ನಿಂತಿದ್ದ ಶಾಮರಾವ್ ಮೆಲ್ಲಗೆ, "ನಾಹೀ ಸಾಹೇಬ್, ಡಾವೀಕಡೇ," ಅಂದ. ಎಡಕ್ಕೆ.

ಆ ಕಾಲಮ್ಮು ತುಂಬಲು ಕತ್ತಲಾಗುವ ತನಕ ಹಿಡಿಯಿತು. ಒಬ್ಬೊಬ್ಬರು ಒಂದೊಂದು ಹೇಳಿದರು, ಜಗಳ ಮಾಡಿದರು. ಆಟ ನಡೆಯಲಿ, ಆದರೆ ದೊಡ್ಡವರೂ ಆಡಬೇಕು ಎಂದಾಯಿತು. ಕರೆಂಟು ವಾಪಸು ಕೊಡುವಾಗ ಮನೆಮನೆಯ ಕೂಲರು ಒಂದೊಂದಾಗಿ ಹಚ್ಚಬೇಕೆಂದು ವೈರಾಗಡೆ ಸಾಹೇಬರು ಹಟ ಹಿಡಿದು ಸೇರಿಸಿದರು. ವಾಸನೆಯ ಮಾತು ಬಂದಾಗ ಕಾಕಾ ಕೈಯೆತ್ತಿದರು. "ಹೋಲಿಕಿ ಬ್ಯಾಡ. ಗ್ಯಾಸ್ ಏಜೆನ್ಸಿ ಮೆಕ್ಯಾನಿಕ್ಕಿಗೆ ಹೇಳೂಣು. ಬಯಲಾಗ, ಅವನ ಕೈಲೆ, ಒಂದು ಕ್ಷಣ." ವೈರಾಗಡೆ ಸಾಹೇಬರು ಎಲ್ಲವನ್ನೂ ಬರೆದು ಕೆಳಗೆ ಸಹಿ ಹಾಕಿ ಒಂದು ಪ್ರತಿ ಕಾಕಾಗೆ ಕೊಟ್ಟರು. ಕಾಕಾ ಅದನ್ನು ಎರಡೆರಡು ಸಲ ಓದಿದರು.

ಗುರುವಾರ ಬೆಳಿಗ್ಗೆ ಏಜೆನ್ಸಿಯ ಮೆಕ್ಯಾನಿಕ್ ಬಂದ. ಬೇವಿನ ಕೆಳಗೆ, ಅಂಗಳದ ನಡುವೆ ಸಿಲಿಂಡರ್ ಇಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ, ತನ್ನ ಕೈಯಿಂದಲೇ ಪುಸಕ್ ಅಂತ ಒಂದು ಕ್ಷಣ ಬಿಟ್ಟು ಮುಚ್ಚಿದ. ಗಾಳಿ ನಮ್ಮ ಕಡೆ ಬಂತು. ಮಕ್ಕಳೆಲ್ಲ ಮೂಗು ಹಿಡಿದುಕೊಂಡರು. ರಮಾ ಕಾಕು ಕೂಡ ಇಳಿದು ಬಂದು ಮೂಸಿ, "ಥೂ! ನನ್ನ ಇಂಗಿಗೆ ಇದನ್ನ ಹೋಲಿಸಿದ್ರೇನ್ರೀ ನೀವು?" ಅಂತ ಕಾಕಾಗೆ ಎಲ್ಲರೆದುರೇ ಬೈದರು. ಕಾಕಾ ಬಹಳ ಸುಖವಾಗಿ ಬೈಸಿಕೊಂಡರು.

ಆಟ ಮತ್ತೆ ಶುರುವಾಯಿತು. ದೊಡ್ಡವರ ಪಾಳಿ ಶುಕ್ರವಾರ. ನಾನು ಲೂ ಬಡಿದ ಅಜ್ಜನ ಪಾಠದಲ್ಲಿ ಎರಡು ಸಲ ಸೋತೆ. ಗೌತಮಿಗೆ ಅದು ಹಬ್ಬ.

ಆಷಾಢ ಬಂದು ಮೊದಲ ಮಳೆ ಬಿದ್ದ ವಾರ, ಗೌತಮಿ ಟ್ಯೂಷನ್ನಿನಿಂದ ತಡವಾಗಿ ಮೇಲೆ ಬಂದಳು. ಎಲ್ಲಿದ್ದೆ, ಏನಾಯಿತು, ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೇನೆ ಇಲ್ಲಿ, ಅಂತ ಶುರು ಮಾಡಿದೆ. ಅವಳು ಶೂ ಬಿಚ್ಚುತ್ತ ಹೇಳಿದಳು: "ವೈರಾಗಡೆ ಕಾಕಾರ ಮನೆ ಹತ್ರ ಏನೋ ಸ್ಮೆಲ್ ಬರ್ತಿತ್ತು. ಬಾಗಿಲು ಬಡಿದೆ."

ನಾನು ಎದ್ದೇ ನಿಂತೆ. "ಗ್ಯಾಸಾ?"

"ನಹೀ. ಪೇಂಟ್‌ವಾಲಾ ತೈಲ. ಕಿಟಕಿಗೆ ಬಣ್ಣ ಹಚ್ಚಿಸ್ತಿದ್ರು."

"ಬೈದರಾ?"

"ಇಲ್ಲ. ಅಡುಗೆಮನೆಗೆ ಹೋಗಿ ನಾಬ್ ನೋಡಿ ಬಂದ್ರು. ಆಮೇಲೆ ಥ್ಯಾಂಕ್ಯೂ ಅಂದ್ರು. ಅಮ್ಮಾ, ತಿನ್ನಕ್ಕೆ ಏನಿದೆ?"